ಕಾಲುವೆ ನೋಡಿ ಫಿಕ್ಸ್ಚರ್ ಓದುತ್ತಿದ್ದವರು

ಈ ಸೀಸನ್ನಿನ ಫಿಕ್ಸ್ಚರ್ಸ್ ಮೊನ್ನೆ ನನ್ನ ಫೋನಿಗೆ ಬಂದವು. ಜಿಲ್ಲಾ ಫುಟ್‌ಬಾಲ್ ಲೀಗಿನ ಸೆಕ್ರೆಟರಿಯವರು ಪ್ರತಿ ವರ್ಷದಂತೆ ಒಂದೇ ಪುಟದ ಪಿಡಿಎಫ್ ಕಳಿಸಿದ್ದಾರೆ. ಎಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಏರಿಸಿಕೊಂಡು ನಮ್ಮ ಕ್ಯಾಂಪ್ ಕ್ಲಬ್ಬಿನ ಹೆಸರು ಹುಡುಕಿದೆ. ಇತ್ತು. ಏಳು ಮ್ಯಾಚ್. ಥ್ಯಾಂಕ್ ಗಾಡ್ ಅಂದುಕೊಂಡು ಬಾಗಿಲ ಕಡೆ ನೋಡಿದೆ. ಅದು ಹಳೆಯ ಹ್ಯಾಬಿಟ್. ಹನ್ನೊಂದು ವರ್ಷ, ಈ ಪಟ್ಟಿ ಬಂದ ದಿನ ಆ ಬಾಗಿಲಲ್ಲಿ ಒಬ್ಬರು ಸೈಕಲ್ ಒರಗಿಸಿ, "ಅಕ್ಕೋರ, ಕಾಗದ ಬಂತಂತಲ್ರಿ. ಓದ್ರಿ," ಅನ್ನುತ್ತ ಒಳಗೆ ಬರುತ್ತಿದ್ದರು. ಅವರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಕಾಲುವೆ ಬಂದ್ ಇದ್ದಾಗ. ರಿಟೈರ್ ಆಗಿ ವರ್ಷವಾಗಿದ್ದರೂ, ನೀರು ಹರಿಯುತ್ತಿದ್ದರೆ ಆತ ಹೋಗುತ್ತಿರಲಿಲ್ಲ ಅಂತ ಅವರ ಹೆಂಡತಿಯೇ ನನ್ನ ಕೈ ಹಿಡಿದುಕೊಂಡು ಹೇಳಿದಳು. ಅಳುತ್ತಲೇ ಹೇಳಿದಳು, ಆದರೆ ಆ ಮಾತಿಗೆ ಅಲ್ಲಿ ಕೂತವರಲ್ಲಿ ಇಬ್ಬರು ನಕ್ಕರು. ಅವಳೂ ನಕ್ಕಳು.

ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವವರೂ ಅಲ್ಲ ಅವರು. ಕಾಲುವೆ ಕಟ್ಟಲು ಬಂದವರಿಗಾಗಿ ಎದ್ದ ಭೀಮರಾಯನಗುಡಿ ಕ್ಯಾಂಪಿಗೆಲ್ಲ ಅವರು ಕಾಕಾ. ನೀರಾವರಿ ಇಲಾಖೆಯಲ್ಲಿ ಗ್ಯಾಂಗ್‌ಮನ್. ಕಾಲುವೆಯ ಒಂದು ಗೇಟು ಅವರ ಸುಪರ್ದಿಗಿತ್ತು. ಮೇಲಿನಿಂದ ಹುಕುಂ ಬಂದಾಗ ಎತ್ತಬೇಕು, ಹುಕುಂ ಬಂದಾಗ ಇಳಿಸಬೇಕು. ನಮ್ಮ ಕಡೆ ಹಿಂಗಾರಿಗೆ ನೀರು ಸದಾ ಹರಿಯುವುದಿಲ್ಲ. ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಅಂತ ಇಲಾಖೆಯವರು ಒಂದು ಚಾರ್ಟು ಮಾಡುತ್ತಾರೆ. ಚಾಲೂ ಇದ್ದಾಗ ಪ್ರತಿ ಹೊಲಕ್ಕೂ ಒಂದು ಪಾಳಿ. ನಿಮ್ಮ ಪಾಳಿಗೆ ನೀವು ಹೊಲದಲ್ಲಿ ಇರಲಿಲ್ಲವೋ, ನೀರು ಪಕ್ಕದವನ ಹೊಲಕ್ಕೆ ಹೋಯಿತು. ನೀವು ಮುಂದಿನ ಚಾಲೂ ತನಕ ಒಣಗುವ ಬೆಳೆ ನೋಡುತ್ತ ಕೂರಬೇಕು. ಆ ಚಾರ್ಟು ಪೂರ್ತಿ ಕಾಕಾರ ತಲೆಯಲ್ಲಿತ್ತು. ಇವತ್ತು ತಾರೀಖು ಎಷ್ಟು ಅಂದರೆ ತಡವರಿಸುತ್ತಿದ್ದರು. ಆದರೆ "ಚಾಲೂ ಆಗಿ ನಾಕನೇ ದಿನ ಅಲ್ರೀ" ಅಂತ ಥಟ್ಟನೆ ಬರುತ್ತಿತ್ತು.

ಜನ್ಮದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ. ಫುಟ್‌ಬಾಲಿಗೆ ಅವರು ಬಂದದ್ದು ಕಾಲುವೆಯ ದಾರಿಯಿಂದಲೇ. ಕ್ಯಾಂಪ್ ತುಂಬಿದ್ದ ಕಾಲದಲ್ಲಿ ಕೇರಳದ, ಬಂಗಾಳದ ಇಂಜಿನಿಯರುಗಳು ಶುರು ಮಾಡಿದ ಕ್ಲಬ್ಬು ಅದು. ಮೈದಾನದ ಒಂದು ಗೋಲಿನ ಹಿಂದೆಯೇ ಕಾಲುವೆ. ಚೆಂಡು ನೀರಿಗೆ ಬಿದ್ದರೆ ಆ ಇಂಜಿನಿಯರುಗಳು ದಂಡೆಯ ಮೇಲೆ ಕೂಗುತ್ತ ಓಡುತ್ತಿದ್ದರು. ಚೆಂಡು ಅವರಿಗಿಂತ ಮುಂದೆ ಓಡುತ್ತಿತ್ತು. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಕಾ ಸೈಕಲ್ ಹತ್ತಿ ಕೆಳಗಿನ ಗೇಟಿಗೆ ಹೋಗಿ, ಕಸ ಎಳೆಯುವ ಕೊಕ್ಕೆ ಕೋಲು ಪಕ್ಕಕ್ಕಿಟ್ಟುಕೊಂಡು ಬೀಡಿ ಹಚ್ಚುತ್ತಿದ್ದರಂತೆ. ಬೀಡಿ ಮುಗಿಯುವಾಗ ಚೆಂಡು ಬರುತ್ತಿತ್ತು. ಕಾಲುವೆ ಅರ್ಧ ಹರಿಯುವಾಗ ಎರಡು ಬೀಡಿ. ಇದನ್ನು ನನಗೆ ಹೇಳಿದವರು ನನ್ನ ಯಜಮಾನರು. ಅವರೂ ದಂಡೆಯ ಮೇಲೆ ಓಡಿದ ಇಂಜಿನಿಯರುಗಳಲ್ಲಿ ಒಬ್ಬರು.

ಇಂಜಿನಿಯರುಗಳು ಹೋದರು, ಕ್ಲಬ್ಬು ಉಳಿಯಿತು. ಈಗಿನ ಆಟಗಾರರು ಇಬ್ಬರು ಸ್ಕೂಲ್ ಟೀಚರ್ಸ್, ಕೃಷಿ ಕಾಲೇಜಿನ ಒಬ್ಬ ಕ್ಲರ್ಕ್, ಒಬ್ಬ ಟಂಟಂ ಆಟೋ ಡ್ರೈವರ್, ಉಳಿದವರೆಲ್ಲ ವನದುರ್ಗದ ಕಡೆಯ ಸಣ್ಣ ರೈತರು, ಕೂಲಿ ಮಾಡುವವರು. ಕ್ಯಾಪ್ಟನ್ ಲಿಂಗಾಯತರ ಮನೆಯವನು, ಕಾಲುವೆಯ ಮೇಲಿನ ಹೊಲ ಅವನದು. ಸೆಂಟರ್ ಫಾರ್ವರ್ಡ್ ಬೌದ್ಧರ ಓಣಿಯವನು, ಟೇಲೆಂಡಿನಲ್ಲಿ, ಅಂದರೆ ಕಾಲುವೆಯ ಕೊನೆಯಲ್ಲಿ, ಅರ್ಧ ಎಕರೆ ಮೆಣಸಿನಗಿಡ. ಮೇಲಿನವನು ಕುಡಿದು ಬಿಟ್ಟದ್ದು ಕೆಳಗಿನವನಿಗೆ. ಕಾಲುವೆಯ ಮೇಲೆ ಇವರಿಬ್ಬರ ಮನೆಯವರು ಎಷ್ಟು ಸಲ ಸಲಿಕೆ ಎತ್ತಿಲ್ಲ! ಕಾಕಾ ಒಂದು ಸಲ ಅಂದಿದ್ದರು, "ಪಾಳಿ ಬಂತಂದ್ರ ಇವ್ರು ಮಾರಿ ಮಾರಿ ನೋಡಂಗಿಲ್ರಿ. ಗ್ರೌಂಡಿನಾಗ ಮಾತ್ರ ಒಬ್ರಿಗೊಬ್ರು ಪಾಸ್ ಕೊಡ್ತಾರ." ನಾನು ಇಪ್ಪತ್ತೆಂಟು ವರ್ಷ ಕ್ಯಾಂಪ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು, ಯೂನಿಟಿ ಅಂತ ಎಸ್ಸೇ ಬರೆಸಿದವಳು. ಇಷ್ಟು ಚಿಕ್ಕದಾಗಿ ಯಾರೂ ಬರೆದು ಕೊಟ್ಟಿರಲಿಲ್ಲ.

ಫಿಕ್ಸ್ಚರ್ಸ್ ಓದಿಸಿಕೊಳ್ಳುವುದಕ್ಕೂ ಅವರದೇ ಒಂದು ಮೆಥಡ್ ಇತ್ತು. ನೆಲದ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದರು. ಕುರ್ಚಿ ಕೊಟ್ಟರೆ ಬೇಡ. ಕುರ್ಚಿಯಲ್ಲಿ ಕೂತರೆ ಯೋಚನೆ ಬರುವುದಿಲ್ಲವಂತೆ. ನಾನು ಒಂದೊಂದೇ ತಾರೀಖು ಓದಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬಲಗೈ ಮಾತ್ರ ಗಾಳಿಯಲ್ಲಿ ನಿಧಾನಕ್ಕೆ ತಿರುಗುತ್ತಿತ್ತು, ಗೇಟಿನ ಚಕ್ರ ತಿರುವಿದಂತೆ. ಆಮೇಲೆ ತೀರ್ಪು. "ಅವತ್ತ ಬಂದ್. ಎಲ್ಲಾರೂ ಬರ್ತಾರ." ಅಥವಾ, "ಚಾಲೂ ಎರಡನೇ ದಿನ. ಮ್ಯಾಲಿನ ಹೊಲದೋರು ಸಿಗಂಗಿಲ್ಲ, ಹಿಂದ ನಿಲ್ಲೋರು ಅವ್ರ. ಆದ್ರ ಮುಂದ ಆಡೋರು ಬರ್ತಾರ. ಗೋಲ್ ಹೊಡೀತೀವಿ, ತಿಂತೀವಿ." 

ಚಹಾದಂಗಡಿಯ ಪಂಡಿತರಿಗೆ ಇದು ದೊಡ್ಡ ಜೋಕು. ಅವರೆಲ್ಲ ಯಾದಗಿರಿ ಟೀಮು ಸ್ಟ್ರಾಂಗ್, ಶಹಾಪುರದವರು ಹೊಸಬನನ್ನು ತಂದಿದ್ದಾರೆ ಅಂತ ವಾದ ಮಾಡುವವರು. ಕಾಕಾರನ್ನು ಕೆಣಕುತ್ತಿದ್ದರು, ಈ ಸಲ ಯಾರು ಗೆಲ್ತಾರ ಹೇಳು ಕಾಕಾ ಅಂತ. ಅವರು, ಗೆಲ್ಲುವುದು ದೇವರಿಗೆ ಬಿಟ್ಟದ್ದು, ಬರುವುದು ಮಾತ್ರ ನನ್ನ ಫಿಕರ್ ಅನ್ನುತ್ತಿದ್ದರು. ಹಾಗಂತ ಆಟ ತಿಳಿಯದವರೇನಲ್ಲ. ಯಾದಗಿರಿಯವರು ಬಂಡೆಯ ಊರಿನವರು, ಗಟ್ಟಿ ನೆಲದ ಮೇಲೆ ಕಲಿತವರು. ನಮ್ಮ ಮೈದಾನದ ತಗ್ಗಿನ ಗೋಲು ಚಾಲೂ ಇದ್ದಾಗ ಜೌಗು. ಅವರನ್ನು ಚಾಲೂದಲ್ಲಿ ಕರೆಯಬೇಕು, ನಾವು ಅಲ್ಲಿಗೆ ಬಂದ್‌ನಲ್ಲಿ ಹೋಗಬೇಕು ಅಂತ ಸ್ಟ್ರಾಟಜಿ ಹೇಳುತ್ತಿದ್ದರು. ಗುರುಮಠಕಲ್‌ನವರು ಆಡುತ್ತ ಆಡುತ್ತ ತೆಲುಗಿನಲ್ಲಿ ಕೂಗುತ್ತಾರೆ, ನಮ್ಮವರಿಗೆ ತಿಳಿಯುವುದಿಲ್ಲ. ಅದಕ್ಕೆ ಮೆಣಸಿನಕಾಯಿ ಲಾರಿಯ ಡ್ರೈವರ್ ಒಬ್ಬನನ್ನು ಹಿಡಿದು ಹತ್ತು ತೆಲುಗು ಪದ ಕಲಿತು, ಟೀಮನ್ನು ಸಾಲಾಗಿ ಕೂರಿಸಿ ಪಾಠ ಮಾಡಿದ್ದರು. ಕೃಷಿ ಕಾಲೇಜಿನ ಕ್ಲರ್ಕ್ ನೋಟ್ಸ್ ತೆಗೆದುಕೊಂಡಿದ್ದ.

ನನಗೂ ಫುಟ್‌ಬಾಲಿಗೂ ಏನು ಸಂಬಂಧ? ಟು ಬಿ ಫ್ರ್ಯಾಂಕ್, ಏನೂ ಇಲ್ಲ. ಗುಲ್ಬರ್ಗದಲ್ಲಿ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಅಲ್ಲಿ ನಮಗೆ ಥ್ರೋಬಾಲ್, ಹೊಲಿಗೆ ಮತ್ತು ಲೆಟರ್ ರೈಟಿಂಗ್. ಇದರಲ್ಲಿ ನನಗೆ ಪ್ರೈಜ್ ಬಂದದ್ದು ಮೂರನೆಯದಕ್ಕೆ. ಪತ್ರ ಅಂದರೆ ಕೈಗವಸು ಹಾಕಿಕೊಂಡು ಬಾಗಿಲು ತಟ್ಟಿದಂತಿರಬೇಕು ಅಂತ ನಮ್ಮ ಸಿಸ್ಟರ್ ಹೇಳುತ್ತಿದ್ದರು. ಕೇಳಬಾರದು, ರಿಕ್ವೆಸ್ಟ್ ಮಾಡಬೇಕು. ರಿಕ್ವೆಸ್ಟ್ ಮಾಡಿದ ಮೇಲೆ ಎದುರಿನವರಿಗೆ ಇಲ್ಲ ಅನ್ನಲು ಒಂದು ಬಾಗಿಲು ತೆರೆದಿಟ್ಟಿರಬೇಕು. ಆ ಬಾಗಿಲು ಎಷ್ಟು ದುಬಾರಿ ಬಿತ್ತು ಅನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಕಾಕಾರ ಸರ್ವಿಸಿನ ಕೊನೆಯ ವರ್ಷ. ಅದರ ಹಿಂದಿನ ಸೀಸನ್ನಿನಲ್ಲಿ ನಮ್ಮ ಕ್ಲಬ್ಬಿಗೆ ಒಂದು ವಾಕೋವರ್ ಆಗಿತ್ತು, ಆಡದೆಯೇ ಸೋಲು. ಗುರುಮಠಕಲ್ ಮ್ಯಾಚಿಗೆ ಆರೇ ಮಂದಿ ಬಂದಿದ್ದರು. ಏಳು ಮಂದಿ ಇಲ್ಲದೆ ಆಟ ಶುರು ಮಾಡುವಂತಿಲ್ಲ. ಮತ್ತೊಂದು ಸಲ ಹೀಗಾದರೆ ಕ್ಲಬ್ಬನ್ನು ಲೀಗಿನಿಂದ ತೆಗೆಯುತ್ತೇವೆ ಅಂತ ಯಾದಗಿರಿಯಿಂದ ಸೆಕ್ರೆಟರಿಯವರ ನೋಟಿಸು. ಹೊಸ ಪಟ್ಟಿ ಬಂತು. ನಾನು ಓದಿದೆ. ಕೈ ತಿರುಗುತ್ತಿತ್ತು. ಮೊದಲನೇ ಮ್ಯಾಚು, ಭಾನುವಾರ, ಸುರಪುರದವರು ನಮ್ಮಲ್ಲಿಗೆ ಅಂದೆ. ಕೈ ನಿಂತಿತು.

"ಮತ್ತೊಮ್ಮೆ ಓದ್ರಿ," ಅಂದರು.

ಓದಿದೆ.

ಆ ವಾರ ಗುರುವಾರ ಗೇಟು ಏಳುತ್ತದೆ. ಗುರುವಾರ ಬಿಟ್ಟ ನೀರು ಟೇಲೆಂಡಿಗೆ ಮುಟ್ಟುವುದು ಭಾನುವಾರ. ನಮ್ಮ ಹದಿನಾಲ್ಕು ಮಂದಿಯಲ್ಲಿ ಒಂಬತ್ತು ಜನ ಅವತ್ತು ಮುಂಜಾನೆಯಿಂದ ಸಂಜೆಯ ತನಕ ಹೊಲದಲ್ಲಿ ನಿಲ್ಲಲೇಬೇಕು. ಉಳಿಯುವವರು ಐವರು. ಐವರಿಂದ ಮ್ಯಾಚಿಲ್ಲ, ಮ್ಯಾಚಿಲ್ಲದೆ ಕ್ಲಬ್ಬಿಲ್ಲ.

ಸುದ್ದಿ ಚಹಾದಂಗಡಿಗೆ ಮುಟ್ಟಲು ಎಷ್ಟು ಹೊತ್ತು? ಸಂಜೆಗೆ ಸೆಂಟರ್ ಫಾರ್ವರ್ಡ್ ಕಾಕಾರ ಪಕ್ಕ ಬಂದು ಕೂತ. ನಾನು ಹಾಲು ತರಲು ಹೋಗಿದ್ದೆ, ಅಲ್ಲೇ ಇದ್ದೆ. ಒಂದು ದಿನ ಮೊದಲೇ, ಬುಧವಾರ ಸಂಜೆ ಒಂದು ನಾಲ್ಕು ಸುತ್ತು ತಿರುವಿಬಿಟ್ಟರೆ ಶನಿವಾರಕ್ಕೆ ನೀರು ನಮ್ಮ ಹೊಲದಲ್ಲಿರುತ್ತದೆ, ಭಾನುವಾರ ಎಲ್ಲರೂ ಖಾಲಿ ಅಂತ ಲೆಕ್ಕ ಹಾಕಿ ಹೇಳಿದ. ಕ್ಯಾಪ್ಟನ್ನೂ ತಲೆ ಆಡಿಸಿದ. ಮೇಲಿನ ಹೊಲದವನು, ಕೆಳಗಿನ ಹೊಲದವನು ನೀರಿನ ವಿಷಯದಲ್ಲಿ ಒಂದೇ ಮಾತು ಆಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾರಿಗ್ ಗೊತ್ತಾಗ್ತದ ಕಾಕಾ?" ಅಂದ ಅವನು.

"ನೀರಿಗೆ ಗೊತ್ತಾಗ್ತದ," ಅಂದರು ಕಾಕಾ. ಅಷ್ಟೇ ಅಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. 

ಮರುದಿನ ನನ್ನ ಮನೆಗೆ ಬಂದು ವಿವರ ಹೇಳಿದರು. ಹೊತ್ತಿಲ್ಲದ ಹೊತ್ತಿನಲ್ಲಿ ಬಿಟ್ಟ ನೀರಿಗೆ ಹೊಲದಲ್ಲಿ ಯಾರೂ ಕಾದು ನಿಂತಿರುವುದಿಲ್ಲ, ಮುಕ್ಕಾಲು ಪಾಲು ಹಳ್ಳಕ್ಕೆ ಹೋಗುತ್ತದೆ, ಕೊನೆಗೆ ಟೇಲೆಂಡಿಗೇ ಕಡಿಮೆ ಬೀಳುತ್ತದೆ. ಮೂವತ್ತಾರು ವರ್ಷ ಒಂದು ಸುತ್ತು ಹೆಚ್ಚುಕಮ್ಮಿ ಮಾಡಿಲ್ಲ. ಆಮೇಲೆ ನೆಲ ನೋಡುತ್ತ ಅಂದರು, "ಕ್ಲಬ್ ಹೋತಂದ್ರ ಈ ಹುಡುಗ್ರು ಮತ್ತ ಕೂಡಂಗಿಲ್ರಿ ಅಕ್ಕೋರ. ಕೂಡ್ಸಾಕ ಮತ್ತೇನೂ ಇಲ್ಲ. ನೀವು ಇಂಗ್ಲಿಷಿನಾಗ ಒಂದು ಕಾಗದ ಬರೀರಿ. ತಾರೀಖು ಬದಲ್ ಮಾಡಂತ ಬರೀರಿ."

ಬರೆದೆ. ಬರೆಯುವಾಗ ಎಷ್ಟು ಹಿಗ್ಗು ನನಗೆ! ಎಷ್ಟೋ ವರ್ಷದ ಮೇಲೆ ಒಂದು ಪ್ರಾಪರ್ ಲೆಟರ್ ಬರೆಯುವ ಚಾನ್ಸು. ತಮ್ಮ ಅಮೂಲ್ಯ ಸಮಯದಲ್ಲಿ ಭಂಗ ತಂದುದಕ್ಕೆ ಕ್ಷಮೆ, ಮೊದಲನೇ ಪಂದ್ಯದ ದಿನಾಂಕದ ಬಗ್ಗೆ ತಾವು ಒಮ್ಮೆ ಯೋಚಿಸುವ ಔದಾರ್ಯ ತೋರಬಹುದೇ ಅಂತ ಶುರು. ಕೊನೆಗೆ ನಮ್ಮ ಸಿಸ್ಟರ್ ಕಲಿಸಿದ ಆ ತೆರೆದ ಬಾಗಿಲು: ಇದರಿಂದ ತಮಗೆ ಲವಲೇಶವಾದರೂ ತೊಂದರೆಯಾಗುವುದಿದ್ದರೆ, ಕೈಂಡ್ಲಿ ಡಿಸ್‌ರಿಗಾರ್ಡ್ ದಿಸ್ ಲೆಟರ್. ಎರಡು ಸಲ ಓದಿಕೊಂಡು, ಫೋಟೋ ತೆಗೆದು ಕಳಿಸಿದೆ.

ವಾರ ಕಳೆಯಿತು. ಜವಾಬಿಲ್ಲ. ಶನಿವಾರ ಫೈನಲ್ ಪಟ್ಟಿ ಬಂತು. ಮೊದಲನೇ ಮ್ಯಾಚು ಇದ್ದಲ್ಲೇ ಇತ್ತು. ನಾನು ಸೆಕ್ರೆಟರಿಯವರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯರು, ಯಾವುದೋ ಆಫೀಸಿನಲ್ಲಿ ಶಿಸ್ತಿನಿಂದ ಕೆಲಸ ಮಾಡುವವರು. ಹೌದ್ರಿ ಮೇಡಂ, ಪತ್ರ ಬಂತು, ಭಾಳ ಚಂದ ಇತ್ತು, ನಮ್ಮ ಮಗಳಿಗೂ ತೋರಿಸಿದೆ ಅಂದರು. ಮತ್ತೆ ದಿನಾಂಕ ಅಂದೆ.

"ನೀವೇ ಬರ್ದೀರಲ್ರಿ, ತೊಂದ್ರಿ ಆದ್ರ ಬಿಟ್ಟುಬಿಡ್ರಿ ಅಂತ. ತೊಂದ್ರಿ ಇತ್ತು. ಬಿಟ್ಟೆ."

ಕ್ಲಬ್ಬಿನ ಕತೆ ಏನಾಗುತ್ತದೆ ಅಂತ ಈಗ ಎಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದರು, ಮರುಕವೂ ಪಟ್ಟರು. ಆದರೆ ಪಟ್ಟಿ ಫೈನಲ್ ಆಗಿದೆ, ಇನ್ನು ಎರಡೂ ಕ್ಲಬ್ಬಿನವರು ಒಪ್ಪಿ ಸಹಿ ಹಾಕಿ ಕೊಟ್ಟರೆ ಮಾತ್ರ ಬದಲಾವಣೆ, ಅದೂ ಬುಧವಾರದೊಳಗೆ ಅಂದರು. ಸುರಪುರದವರು ಯಾಕೆ ಒಪ್ಪುತ್ತಾರೆ? ಆಡದೆ ಗೆಲ್ಲುವ ಮ್ಯಾಚನ್ನು ಯಾರಾದರೂ ಕೈ ಬಿಡುತ್ತಾರೆಯೇ?

ಕಾಕಾರಿಗೆ ಹೇಳಬೇಕಾದವಳು ನಾನೇ. ಹೇಳಿದೆ. ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿರಿ ಅಂದರು. ಓದಿದೆ, ಕೊನೆಯ ಸಾಲನ್ನೂ ಬಿಡಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೀಸೆಯ ಮೇಲೆ ಕೈಯಾಡಿಸಿ, "ಗೇಟಿಗೆ ಕೈ ಮುಗುದು ನಿಂತ್ರ ಏಳ್ತದೇನ್ರಿ ಅಕ್ಕೋರ? ತಿರುವಬೇಕ್ರಿ," ಅಂದರು. ಆಮೇಲೆ ಸೈಕಲ್ ಹತ್ತಿ ಹೋದವರು ಭಾನುವಾರ ಕಾಣಲಿಲ್ಲ, ಸೋಮವಾರವೂ ಕಾಣಲಿಲ್ಲ. ಚಹಾದಂಗಡಿಗೂ ಬಂದಿಲ್ಲ ಅಂದರು.

ಆ ಎರಡೂ ದಿನ, ಅವರು ತಿರುವಬೇಕು ಅಂದದ್ದು ಕಿವಿಯಲ್ಲೇ ಇತ್ತು. ಎಲ್ಲಿ ಆ ಮನುಷ್ಯ ಗೇಟನ್ನೇ ತಿರುವಿಬಿಡುತ್ತಾರೋ ಅಂತ. ಮೂವತ್ತಾರು ವರ್ಷ ಒಂದು ಸುತ್ತು ತಪ್ಪದವರು, ರಿಟೈರ್ ಆಗಲು ನಾಲ್ಕು ತಿಂಗಳಿರುವಾಗ, ನನ್ನ ಒಂದು ಸಾಲು ಪೊಲೈಟ್ ಇಂಗ್ಲಿಷಿನ ಕಾರಣಕ್ಕೆ ತಪ್ಪಿದರೆ ಆ ಪಾಪ ಯಾರದು? ಕನ್ಫೆಷನ್ನಿಗೆ ಹೋಗುವ ಧರ್ಮದವಳಲ್ಲ ನಾನು, ಆದರೂ ಕಾನ್ವೆಂಟಿನ ಆ ಮರದ ಪೆಟ್ಟಿಗೆಯಂಥ ಕೋಣೆ ನೆನಪಾಯಿತು. ಮಂಗಳವಾರ ಮುಂಜಾನೆ ಕೋಲು ಹಿಡಿದು ದಂಡೆಯ ಮೇಲೆ ಗೇಟಿನ ತನಕ ನಡೆದೆ. ಮೊದಲು ನೋಡಿದ್ದು ಬೀಗ. ಬೀಗ ಇದ್ದ ಹಾಗೇ ಇತ್ತು, ಮೇಲೆ ಜೇಡರ ಬಲೆ ಕೂಡ. ಕಾಲುವೆಯ ತಳದಲ್ಲಿ ಬಿರಿದ ಕೆಸರು, ಎರಡು ಕೊಕ್ಕರೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಕಾಕಾ ಗೇಟಿನ ಕೋಣೆಯೊಳಗೆ ಫೋನ್ ಕಿವಿಗಿಟ್ಟುಕೊಂಡು ಯಾರಿಗೋ ಜೋರಾಗಿ ಕೇಳುತ್ತಿದ್ದರು: "ಅವನ ಹೊಲ ನಿನ್ನ ಗೇಟಿಗೆ ಬರ್ತದೋ, ಅದರ ಕೆಳಗಿನ ಗೇಟಿಗೋ? ಬರಾಬರ್ ಹೇಳು." ಮುಂದೆ ಒಂದು ಹಾಳೆ, ಅದರ ತುಂಬ ಅವರ ದಪ್ಪ ಅಕ್ಷರ. ನನ್ನನ್ನು ನೋಡಿ, ಇಷ್ಟು ದೂರ ಯಾಕ ಬಂದ್ರಿ ಅಂದರು. ಯಾಕೆ ಅಂತ ಅವರಿಗೆ ತಿಳಿದಿರಬೇಕು, ಯಾಕಂದರೆ ಬೀಗದ ಕಡೆ ಒಮ್ಮೆ ನೋಡಿ ನಕ್ಕರು. ಆಮೇಲೆ ಹಾಳೆ ಮಡಚಿ ಕಿಸೆಗಿಟ್ಟುಕೊಂಡು, ನಾಳೆ ಸುರಪುರಕ್ಕೆ ಹೋಗೋಣು, ನೀವೂ ಬರ್ರಿ, ಸಹಿ ಹಾಕಿಸೋ ಕಾಗದಕ್ಕ ಓದಿದವರು ಇರಬೇಕು ಅಂದರು.

ಸುರಪುರದ ಕ್ಲಬ್ಬಿನ ಹಿರಿಯರು ಪೈಪು-ಪಂಪಿನ ಅಂಗಡಿಯ ಸಾವ್ಕಾರರು. ಹಣೆಯಲ್ಲಿ ವಿಭೂತಿ, ಗಲ್ಲೆಯ ಹಿಂದೆ ಟೀಮಿನ ಫೋಟೋ, ಗೆದ್ದ ಎರಡು ಕಪ್ಪು. ನನಗೆ ಕುರ್ಚಿ ಒರೆಸಿ ಕೊಟ್ಟರು, ಚಹಾ ತರಿಸಿದರು. ಉಪಚಾರಕ್ಕೇನೂ ಕಡಿಮೆಯಿಲ್ಲ. ಆದರೆ ಕಾಕಾ ವಿಷಯ ಎತ್ತಿದ ಕೂಡಲೇ ಬೆನ್ನು ಹಿಂದಕ್ಕೆ ಒರಗಿತು.

"ಏನ್ ಕಾಕಾ, ನೀರ್ ಬಿಡೋರು ನೀವ, ನೀರಿನ ಸಲುವಾಗಿ ಆಡಾಕ ಆಗಂಗಿಲ್ಲ ಅನ್ನೋರೂ ನೀವ. ನಮ್ಮ ಹುಡುಗ್ರು ತಯಾರ್ ಅದಾರ. ಭಾನುವಾರ ನಾವು ಬರೋರ. ನಿಮ್ಮೋರು ಇರ್ಲಿಕ್ಕಂದ್ರ ನಾವೇನ್ ಮಾಡಬೇಕು?"

ನಾನು ಬಾಯಿ ತೆರೆದೆ. ನಿಮ್ಮ ಔದಾರ್ಯ ಅಂತ ಏನೋ ನಾಲಿಗೆ ತುದಿಗೆ ಬಂದಿತ್ತು. ಕಾಕಾ ಕೈ ಅಡ್ಡ ಹಿಡಿದರು.

"ನಿಮ್ಮ ಗೋಲ್‌ಕೀಪರನ ಹೊಲ ಎಲ್ಲಿ ಬರ್ತದ್ರಿ ಸಾವ್ಕಾರ್ರ?"

ಅದನ್ನು ಕಟ್ಟಿಕೊಂಡು ನಿಮಗೇನು ಅಂದರು ಸಾವ್ಕಾರರು. ಕಾಕಾ ಕಿಸೆಯಿಂದ ಹಾಳೆ ತೆಗೆದು ಗಲ್ಲೆಯ ಮೇಲೆ ಬಿಡಿಸಿ, ಕೈಯಿಂದ ತೀಡಿ ಚಪ್ಪಟೆ ಮಾಡಿದರು. ಎರಡು ದಿನ ಅವರು ಮಾಡಿದ್ದು ಇದು: ಸುರಪುರದ ಕಡೆಯ ಗೇಟುಗಳ ಗ್ಯಾಂಗ್‌ಮನ್‌ಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಹಚ್ಚಿ, ಆ ಟೀಮಿನ ಒಬ್ಬೊಬ್ಬನ ಹೊಲ ಯಾವ ಗೇಟಿಗೆ, ಪಾಳಿ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಬರೆದುಕೊಂಡಿದ್ದರು. ಅವರಿಗೂ ನೀರು ಬರುವುದು ಅದೇ ದೊಡ್ಡ ಕಾಲುವೆಯಿಂ‌ದ, ಅದೇ ಚಾರ್ಟಿನಿಂದ.

"ಗೋಲ್‌ಕೀಪರಂದು ಭಾನುವಾರ ಮುಂಜಾನಿ ಆರರಿಂದ ಸಂಜಿ ನಾಕರ ತನಕ. ಎಡಕ್ಕ ಆಡ್ತಾನಲ್ರಿ ಉದ್ದ ಹುಡುಗ, ಅವಂದು ಮಧ್ಯಾಹ್ನ ಒಂದಕ್ಕ ಹತ್ತತದ. ಅಣ್ತಮ್ರು ಇಬ್ರು ಆಡ್ತಾರ, ಇಬ್ರದೂ ಒಂದ ಹೊಲ, ಒಬ್ಬರ ಬಂದಾರು, ಇಬ್ರು ಬರಂಗಿಲ್ಲ."

ಹೀಗೆ ಎಂಟು ಹೆಸರು ಓದಿದರು. ಸಾವ್ಕಾರರು ಹಾಳೆ ನೋಡಲಿಲ್ಲ. ಕಾಕಾರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಫೋನ್ ತೆಗೆದು ಗೋಲ್‌ಕೀಪರನಿಗೆ ಹಚ್ಚಿ, ನಮಗೂ ಕೇಳುವಂತೆ ಗಲ್ಲೆಯ ಮೇಲಿಟ್ಟು, ಭಾನುವಾರ ಬರ್ತಿಯಲ್ಲೋ ಅಂತ ಕೇಳಿದರು.

"ಮೆಣಸಿನಕಾಯಿ ಬಿಟ್ಟು ಗೋಲ್ ಕಾಯಾಕ ಹ್ಯಾಂಗ ಬರ್ಲಿ ಸಾವ್ಕಾರ್ರ? ಕ್ಯಾಪ್ಟನ್ನಗ ಆವಾಗ ಹೇಳೀನಲ್ರಿ. ನಿಮಗ ಹೇಳಾಕ ಅಂವ ಅಂಜ್ಯಾನ."

ಫೋನ್ ಕಟ್ಟಾಯಿತು. ಆಮೇಲೆ ಸಾವ್ಕಾರರು ಹೊಟ್ಟೆ ಕುಲುಕುವಂತೆ ನಕ್ಕರು. ಭಾನುವಾರ ಅವರಿಗೂ ವಾಕೋವರ್ ಆಗುತ್ತಿತ್ತು, ನಮಗೂ ಆಗುತ್ತಿತ್ತು. ಎರಡು ಊರಿನವರೂ ತಮ್ಮ ತಮ್ಮ ಹೊಲದಲ್ಲಿ ಸಲಿಕೆ ಹಿಡಿದು, ಎದುರಿನವರು ಗೆದ್ದರು ಅಂತ ಕೊರಗುತ್ತ ನಿಂತಿರುತ್ತಿದ್ದರು, ಮೈದಾನದಲ್ಲಿ ರೆಫರಿಯೊಬ್ಬನೇ. ಎರಡನೇ ಸಲ ಚಹಾ ಬಂತು. ಈ ಸಲ ಕಾಕಾರಿಗೂ ಕುರ್ಚಿ ಬಂತು.

ಕಾಗದ ಅಲ್ಲೇ ಬರೆದೆವು. ಇಂಗ್ಲಿಷ್ ಬೇಡ ಅಂದರು ಕಾಕಾ. ಅವರು ಹೇಳಿದಂತೆ ನಾನು ಕನ್ನಡದಲ್ಲಿ ಬರೆದೆ: ಈ ಭಾನುವಾರ ನಮಗೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ. ಮುಂದಿನ ಭಾನುವಾರ ಇಬ್ಬರೂ ಆಡುತ್ತೇವೆ. ಬದಲು ಮಾಡಿರಿ. ಮೂರೇ ಸಾಲು. ಕೆಳಗೆ ಜಾಗ ಬಹಳ ಖಾಲಿ ಇತ್ತು. ಕೃಪೆಯಿಟ್ಟು ಅನ್ನುವ ಒಂದು ಪದವನ್ನಾದರೂ ಹಾಕಲೇ ಅಂತ ಕೇಳಿದೆ. ಇಬ್ಬರೂ ಒಟ್ಟಿಗೆ ಬೇಡ್ರಿ ಅಂದರು. ಸಹಿ ಹಾಕಿ, ಫೋಟೋ ತೆಗೆದು ಕಳಿಸಿದೆವು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಯಾದಗಿರಿಯಿಂದ ಜವಾಬು ಬಂತು: ಓಕೆ. ಅರವತ್ತು ವರ್ಷದ ನನ್ನ ಲೆಟರ್ ರೈಟಿಂಗಿಗೆ ಇಷ್ಟು ಬೇಗ ಯಾರೂ ಓಕೆ ಅಂದಿರಲಿಲ್ಲ.

ಗುರುವಾರ ಹೇಳಿದ ಹೊತ್ತಿಗೆ ಗೇಟು ಎದ್ದಿತು. ಭಾನುವಾರ ಟೇಲೆಂಡಿಗೆ ನೀರು ಮುಟ್ಟಿತು. ಮುಂದಿನ ಭಾನುವಾರ ಮಧ್ಯಾಹ್ನ ಮೂರಕ್ಕೆ ನಾನು ಕುರ್ಚಿ ಹೊರಿಸಿಕೊಂಡು ಮೈದಾನಕ್ಕೆ ಹೋದೆ. ಚಳಿಗಾಲದ ಎಳೆ ಬಿಸಿಲು. ಸುರಪುರದವರು ಎರಡು ಟಂಟಂಗಳಲ್ಲಿ ಬಂದು ಇಳಿಯುತ್ತಿದ್ದರು, ಸಾವ್ಕಾರರು ಬೇರೆ ಗಾಡಿಯಲ್ಲಿ. ಕಾಕಾ ಗೆರೆಯ ಪಕ್ಕ ನಿಂತು ಬೆರಳು ಮಡಚುತ್ತ ಎಣಿಸುತ್ತಿದ್ದರು. ನಮ್ಮವರನ್ನು ಎಣಿಸಿದರು. ಸುರಪುರದವರನ್ನು ಎಣಿಸಿದರು. ಮತ್ತೊಮ್ಮೆ ನಮ್ಮವರನ್ನು ಎಣಿಸಿದರು. ಹನ್ನೊಂದು ಒಳಗೆ, ಮೂರು ಹೊರಗೆ. ರೆಫರಿ ಸೀಟಿ ಊದಿದ. ಕ್ಯಾಪ್ಟನ್ ಚೆಂಡನ್ನು ಸೆಂಟರ್ ಫಾರ್ವರ್ಡಿಗೆ ತಳ್ಳಿದ.

ಕಾಕಾ ಬೇವಿನ ಗಿಡದ ಕೆಳಗೆ ಹೋಗಿ, ಹೆಗಲ ಮೇಲಿನ ವಸ್ತ್ರವನ್ನು ನೆಲಕ್ಕೆ ಹಾಸಿ ಅಡ್ಡಾದರು. ಎರಡು ನಿಮಿಷಕ್ಕೆ ಗೊರಕೆ. ವಾರಗಳಿಂದ ಮಲಗಿರದ ಮನುಷ್ಯರ ಗೊರಕೆ ಅದು, ಎಂಜಿನ್ನಿನಂತೆ. ಗೋಲಾಯಿತು, ಕೂಗಾಯಿತು, ಜಗಳವಾಯಿತು, ಅವರು ಮಗ್ಗುಲು ಬದಲಿಸಲಿಲ್ಲ. ಇಂಟರ್ವಲ್ಲಿನಲ್ಲಿ ಸಾವ್ಕಾರರು ಬಂದು ನೋಡಿ, ಏಳಿಸಬ್ಯಾಡ್ರಿ ಅಂತ ನನಗೇ ಸನ್ನೆ ಮಾಡಿ ಹೋದರು. ಆಫ್‌ಸೈಡ್ ಅಂದರೆ ಏನೆಂದು ತಿಳಿಯದ ನಾನೊಬ್ಬಳೇ ಅವರ ಪರವಾಗಿ ಪೂರ್ತಿ ಮ್ಯಾಚ್ ನೋಡಿದೆ.

ಕೊನೆಯ ಸೀಟಿಗೆ ಎಚ್ಚರಾಯಿತು. ಎದ್ದು ಕೂತು, ಮುಖ ಒರೆಸಿಕೊಂಡು ಮೈದಾನ ನೋಡಿದರು. ಎರಡೂ ಟೀಮಿನವರು ಒಂದೇ ಕೊಡದ ಸುತ್ತ ನೀರಿಗೆ ನಿಂತಿದ್ದರು.

"ಏನಾತ್ರಿ ಅಕ್ಕೋರ?"

ಹೇಳಲು ಕೆಡುಕೆನಿಸಿತು. ಸೋತೆವು, ಮೂರು ಒಂದು ಅಂದೆ.

ಅವರು ವಸ್ತ್ರ ಜಾಡಿಸಿ ಹೆಗಲಿಗೆ ಹಾಕಿಕೊಂಡರು. ಮುಖದಲ್ಲಿ ಎಂಥ ಸಮಾಧಾನವಿತ್ತು ಅಂದರೆ, ನಾನು ಸ್ಕೋರು ತಪ್ಪು ಹೇಳಿದೆನೋ ಅಂತ ನನಗೇ ಡೌಟಾಯಿತು.

"ಆಗ್ಲಿ ಬಿಡ್ರಿ," ಅಂದರು. "ಸೋಲಾಕೂ ಮಂದಿ ಬೇಕಲ್ರಿ. ಬಂದಿದ್ರು."